ಗಾಡಿ ನೀರು ಕುಡಿಯುವುದಿಲ್ಲ

"ಗಾಡಿ ಸ್ವಲ್ಪ ನೀರು ಕುಡಿಯುತ್ತೆ ಸಾರ್, ಬೇರೇನೂ ತೊಂದ್ರೆ ಇಲ್ಲ. ವಾರಕ್ಕೊಂದು ಬಾಟ್ಲಿ ಹಾಕ್ತಾ ಇದ್ರೆ ಆಯ್ತು."

ಹಳೆಯ ಕಾರು ನೋಡಲು ಹೋದವರು ಎಲ್ಲೋ ಒಂದು ಕಡೆ ಈ ಮಾತು ಕೇಳಿಯೇ ಇರುತ್ತೀರಿ. ಹೇಳುವವನು ಅದನ್ನು ಎಷ್ಟು ಸಲೀಸಾಗಿ ಹೇಳುತ್ತಾನೆಂದರೆ, ಮನೆಯ ಹಸುವಿನ ಬಗ್ಗೆ ಹೇಳುತ್ತಿದ್ದಾನೇನೋ ಅನ್ನಿಸಬೇಕು. ಆದರೆ ಎಂಜಿನ್ನಿಗೆ ಬಾಯಾರಿಕೆ ಅನ್ನುವುದಿಲ್ಲ. ಪೆಟ್ರೋಲನ್ನು ಅದು ಸುಡುತ್ತದೆ, ಆಯಿಲನ್ನೂ ಚೂರುಪಾರು ಸುಡುತ್ತದೆ. ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಮಾತ್ರ ಒಳಗೇ ಸುತ್ತುವ ಸರಕು. ಹೊರಟಷ್ಟೂ ತಿರುಗಿ ಬರಬೇಕು. ವಾರ ವಾರವೂ ಮಟ್ಟ ಇಳಿದಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ, ಅಥವಾ ಹೋಗಬಾರದ ಜಾಗಕ್ಕೆ ಒಳಗೇ ನುಗ್ಗಿದೆ. ಮೂರನೆಯ ಸಾಧ್ಯತೆ ಇಲ್ಲ.

ಇದು ಅರ್ಥವಾಗಲು ಅಡುಗೆಮನೆಗೆ ಹೋದರೆ ಸಾಕು. ಪ್ರೆಷರ್ ಕುಕ್ಕರಿನ ಮೇಲಿನ ವೆಯ್ಟ್ ಎತ್ತಿ ಸೀಟಿ ಹೊಡೆಯುವುದು ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಾದಾಗ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಕುದಿಯುತ್ತದೆ. ಕಾರಿನ ಕೂಲಂಟ್ ಟ್ಯಾಂಕಿನ ಮುಚ್ಚಳದೊಳಗಿನ ಸ್ಪ್ರಿಂಗೂ ಮಾಡುವುದು ಇದೇ ಕೆಲಸವನ್ನು, ಹೆಚ್ಚುಕಡಿಮೆ ಇದೇ ಒತ್ತಡದಲ್ಲಿ. ಕುಕ್ಕರಿನ ಗ್ಯಾಸ್ಕೆಟ್ ಸವೆದಾಗ ಏನಾಗುತ್ತದೆ ನೆನಪಿಸಿಕೊಳ್ಳಿ: ಪಕ್ಕದಿಂದ ಪುಸ್ ಎಂದು ಹಬೆ, ಸೀಟಿ ಬರುವುದಿಲ್ಲ, ಅನ್ನ ಬೇಯುವುದಿಲ್ಲ, ತಳ ಹಿಡಿಯುತ್ತದೆ. ಎಂಜಿನ್ನಿನಲ್ಲಿ ತಳ ಹಿಡಿಯುವುದು ಅಲ್ಯೂಮಿನಿಯಂ. ತೊಳೆದರೆ ಹೋಗುವಂಥದ್ದಲ್ಲ.

ಹಟಮಾರಿ ಸೋರಿಕೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಬ್ರಿಟನ್ನಿನ ಎಂಜಿಎಫ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರ. 1995ರಲ್ಲಿ ಬಂತು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಬೆನ್ನ ಹಿಂದೆಯೇ 1.8 ಲೀಟರಿನ ಎಂಜಿನ್. 2002ರಲ್ಲಿ ಅದನ್ನೇ ತಿದ್ದಿ ಟಿಎಫ್ ಎಂದು ಕರೆದರು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ಕಂಪನಿ ಬಾಗಿಲು ಹಾಕಿತು. ಇವತ್ತು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವಂಥವು. ಹೆಸರೊಂದು ಬಿಟ್ಟರೆ ಆ ಹಳೆಯ ಎಂಜಿನ್ನಿಗೂ ಇವಕ್ಕೂ ಸಂಬಂಧವಿಲ್ಲ. ಬ್ರಿಟನ್ನಿಗೆ ಕೆಲಸಕ್ಕೆಂದು ಹೋದ ನಮ್ಮ ಹುಡುಗರಿಗೂ ಒಂದಲ್ಲ ಒಂದು ದಿನ ಈ ಎಂಜಿಎಫ್ ಕಣ್ಣಿಗೆ ಬೀಳುತ್ತದೆ. ನೋಡಲು ಚೆಂದ, ಬೇಸಿಗೆಯಲ್ಲಿ ಟಾಪು ತೆಗೆದು ಓಡಿಸಬಹುದು, ಬೆಲೆಯೂ ಕೈಗೆಟುಕುವಂಥದ್ದು. ಬೆಲೆ ಕಡಿಮೆ ಇರುವುದಕ್ಕೆ ದೊಡ್ಡ ಕಾರಣವೇ ನೀರು.

ಕಾರಿನ ವಿನ್ಯಾಸ ನೋಡಿ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಮೂತಿಯಲ್ಲಿ. ಬಿಸಿನೀರು ಕಾರಿನ ಹೊಟ್ಟೆಯ ಕೆಳಗೆ ಉಕ್ಕಿನ ಪೈಪಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಬೇಕು, ತಣಿದು ಇನ್ನೊಂದು ಪೈಪಿನಲ್ಲಿ ವಾಪಸಾಗಬೇಕು. ಹೀಟರಿನದು ಬೇರೆ ಪೈಪು. ಪ್ರತಿ ಪೈಪಿನ ತುದಿಗೂ ರಬ್ಬರ್ ಹೋಸು, ಪ್ರತಿ ಹೋಸಿಗೂ ಕ್ಲಿಪ್ಪು. ಸಾಮಾನ್ಯ ಕಾರಿನಲ್ಲಿ ಬಾನೆಟ್ ಎತ್ತಿದರೆ ಒಂದೇ ನೋಟಕ್ಕೆ ಸಿಗುವ ಸಂಸಾರ ಇಲ್ಲಿ ಕಾರಿನ ಉದ್ದಕ್ಕೂ ಹಬ್ಬಿಕೊಂಡಿದೆ. ಚಳಿಗಾಲದಲ್ಲಿ ಇಂಗ್ಲೆಂಡಿನ ರಸ್ತೆಗಳಿಗೆ ಹಿಮಗಟ್ಟದಂತೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಪೈಪನ್ನು ಹಿಡಿದಿರುವ ಪಟ್ಟಿಗಳ ಸಂದಿಯಲ್ಲಿ ಕೂತು ಹೊರಗಿನಿಂದ ತಿನ್ನುತ್ತದೆ. ಪಟ್ಟಿ ಬಿಚ್ಚುವವರೆಗೆ ತುಕ್ಕು ಕಾಣುವುದೇ ಇಲ್ಲ. ಪಿನ್ನಿನ ಮೊನೆಯಷ್ಟು ತೂತು ಬಿದ್ದರೂ ಓಡುವಾಗಿನ ಗಾಳಿ ಆ ಹನಿಯನ್ನು ಹಿಂದಕ್ಕೆ ಒಯ್ದು ಇನ್ನೆಲ್ಲೋ ತೊಟ್ಟಿಕ್ಕಿಸುತ್ತದೆ. ಹನಿ ಬಿದ್ದ ಜಾಗ ಒಂದು, ತೂತು ಇರುವ ಜಾಗ ಇನ್ನೊಂದು. ಮನೆಯ ತಾರಸಿ ಸೋರುವುದನ್ನು ಹುಡುಕಿದವರಿಗೆ ಈ ಸಂಕಟ ಗೊತ್ತು.

ಇನ್ನು ಎಂಜಿನ್ನನ್ನು ನೋಡೋಣವೆಂದರೆ ಅದು ಕಾಣುವುದೇ ಇಲ್ಲ. ಡಿಕ್ಕಿ ತೆಗೆದರೆ ಆಯಿಲ್ ಹಾಕುವ ಜಾಗ ಮತ್ತು ಕೂಲಂಟ್ ಟ್ಯಾಂಕು, ಇಷ್ಟೇ. ಪೂರ್ತಿ ದರ್ಶನ ಬೇಕೆಂದರೆ ಟಾಪು ಮಡಚಿ, ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, ತಗಡಿನ ಮುಚ್ಚಳದ ಬೋಲ್ಟುಗಳನ್ನೆಲ್ಲ ಬಿಚ್ಚಬೇಕು. ಅಷ್ಟು ತಾಪತ್ರಯ ಯಾರಿಗೆ ಬೇಕು? ಮಾಲೀಕ ಟ್ಯಾಂಕಿನ ಮುಚ್ಚಳ ತೆಗೆಯುತ್ತಾನೆ, ಒಂದು ಬಾಟ್ಲಿ ಸುರಿಯುತ್ತಾನೆ, ಮುಚ್ಚುತ್ತಾನೆ. ಕಾಯಿಲೆ ಬಲಿಯುವುದು ಹೀಗೆ.

ಈ ಕಾರಿನ ಕೆ-ಸೀರೀಸ್ ಎಂಜಿನ್ 1989ರಲ್ಲಿ ರೋವರ್ 200ರಲ್ಲಿ ಮೊದಲು ಬಂದದ್ದು. ಆಗಿನ ಕಾಲಕ್ಕೆ ಅದ್ಭುತ. ತಲೆಯಿಂದ ತಳದವರೆಗೆ ಹಾದುಹೋಗುವ 10 ಉದ್ದನೆಯ ಬೋಲ್ಟುಗಳು ಮೇಲಿನ ಹೆಡ್ಡು, ನಡುವಿನ ಬ್ಲಾಕು, ಕೆಳಗಿನ ಚೌಕಟ್ಟು ಎಲ್ಲವನ್ನೂ ಒಂದೇ ಹಿಡಿತದಲ್ಲಿ ಬಿಗಿದಿಡುತ್ತವೆ. ಅಟ್ಟಿ ಕಟ್ಟಿದ ಡಬ್ಬಿ ಕ್ಯಾರಿಯರ್ ಹಾಗೆ. ಬಿಗಿಯುವ ಕ್ರಮವೂ ವಿಚಿತ್ರ: ಮೊದಲು 20 ನ್ಯೂಟನ್ ಮೀಟರ್, ಆಮೇಲೆ ಪ್ರತಿ ಬೋಲ್ಟಿಗೂ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ಹಗುರ, ಚುರುಕು, ಕಡಿಮೆ ನೀರಿನಲ್ಲೇ ಬೇಗ ಬಿಸಿಯಾಗುವ ಎಂಜಿನ್. ಮೊದಲು 1.1 ಮತ್ತು 1.4 ಲೀಟರಿಗೆಂದು ಹೆಣೆದದ್ದನ್ನು ಆಮೇಲೆ 1.8ರವರೆಗೆ ಹಿಗ್ಗಿಸಿದರು. ಲೋಟಸ್ ಎಲೀಸ್‌ನಲ್ಲೂ ಇದೇ, ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲೂ ಇದೇ. ಜೊತೆಗೆ ಒಂದು ಕೆಟ್ಟ ಹೆಸರೂ ಅಂಟಿತು: "ಕೆ-ಸೀರೀಸ್ ಅಂದ್ರೆ ಹೆಡ್ ಗ್ಯಾಸ್ಕೆಟ್ ಹೋಗೋ ಎಂಜಿನ್."

ಹೆಡ್ಡಿಗೂ ಬ್ಲಾಕಿಗೂ ನಡುವಿನ ಆ ಗ್ಯಾಸ್ಕೆಟ್ ಹೋಗುತ್ತಿದ್ದದ್ದು ನಿಜ. ಹೆಡ್ಡನ್ನು ಜಾಗದಲ್ಲಿ ಕೂರಿಸುವ ಪುಟ್ಟ ಗೂಟಗಳು ಒಂದು ಕಾಲಕ್ಕೆ ಪ್ಲಾಸ್ಟಿಕ್ಕಿನವು, ಆಮೇಲೆ ಉಕ್ಕಿನವು ಬಂದವು. ಹಳೆಯ ಗ್ಯಾಸ್ಕೆಟ್ಟಿನ ಮೇಲಿನ ರಬ್ಬರಿನಂಥ ಎಳೆ ಕ್ರಮೇಣ ಬಿಟ್ಟುಕೊಳ್ಳುತ್ತಿತ್ತು, ಅದರ ಬದಲು ಪದರ ಪದರದ ಉಕ್ಕಿನ ಗ್ಯಾಸ್ಕೆಟ್ ಬಂತು. ಇದೆಲ್ಲ ಒಪ್ಪಿದ ಮಾತು. ಆದರೂ ನನ್ನ ಲೆಕ್ಕದಲ್ಲಿ ಬಹಳಷ್ಟು ಕಡೆ ಗ್ಯಾಸ್ಕೆಟ್ ಅಪರಾಧಿಯಲ್ಲ, ಹೆಣ. ಕೊಂದದ್ದು ಬೇರೆ ಯಾವುದೋ ಸಣ್ಣ ಸೋರಿಕೆ. ಎಂಜಿನ್ನಿನೊಳಗೆ ಹಿಡಿಯುವ ನೀರೇ ಕಡಿಮೆಯಾದ್ದರಿಂದ ಒಂದು ಲೀಟರ್ ಹೋದರೂ ಅದು ದೊಡ್ಡ ಪಾಲು. ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಸೇರುತ್ತದೆ, ಅಲ್ಲಿ ಲೋಹ ಕಾಯುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಗ್ಯಾರೇಜಿನವರು ಹೆಡ್ ಎತ್ತಿ, ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕಳಿಸುತ್ತಾರೆ. ಮೂಲ ಸೋರಿಕೆ ಇದ್ದಲ್ಲೇ ಇರುತ್ತದೆ. ಮತ್ತೆ ಆರು ತಿಂಗಳಿಗೆ ಅದೇ ಕಥೆ, ಅದೇ ಬೈಗುಳ.

ಮೋಸ ಮಾಡುವ ಇನ್ನೊಂದು ಸಂಗತಿ ಡ್ಯಾಶ್‌ಬೋರ್ಡಿನ ಬಿಸಿಮಾಪಕ. ಅದಕ್ಕೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಸೆನ್ಸರಿನ ಸುತ್ತ ಬರೀ ಗಾಳಿ ಉಳಿದರೆ ಮುಳ್ಳು ಮೇಲೇರುವುದರ ಬದಲು ಕೆಳಗಿಳಿಯಬಹುದು. ಎಂಜಿನ್ ಸುಡುತ್ತಿದೆ, ಮುಳ್ಳು ತಣ್ಣಗಿದೆ. ಹೀಗಾಗಿ ಈ ಕಾರು ಓಡಿಸುವವರು ಮುಳ್ಳಿಗಿಂತ ಹೀಟರನ್ನು ಹೆಚ್ಚು ನಂಬಬೇಕು. ಬಿಸಿಗಾಳಿ ಬರುತ್ತಿದ್ದ ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬಂದರೆ ಒಳಗೆ ನೀರಿಲ್ಲ ಎಂದೇ ಅರ್ಥ. ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಬೇಕು. ಮನೆ ಇಲ್ಲೇ ಎರಡು ಮೈಲಿ ಅಂದುಕೊಂಡವರದ್ದೇ ಹೆಡ್ ಬಾಗುವುದು.

ಸರಿ, ಹುಡುಕುವುದು ಹೇಗೆ? ಮೊದಲು, ನೆಲದ ಮೇಲಿನ ಒದ್ದೆಯೆಲ್ಲ ಕೂಲಂಟ್ ಎಂದು ಹೆದರಬೇಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಬರೀ ನೀರು, ಅದಕ್ಕೆ ಬಣ್ಣವಿಲ್ಲ, ಅಂಟಿಲ್ಲ. ಎಂಜಿಎಫ್‌ನಲ್ಲಿ ಇನ್ನೊಂದು ತಮಾಷೆಯಿದೆ: ಅದರ ಹೈಡ್ರಾಗ್ಯಾಸ್ ಸಸ್ಪೆನ್ಶನ್ನಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಗ್ಯಾಸು ಮತ್ತು ದ್ರವ. ಆ ದ್ರವವೂ ನೀರು ಮತ್ತು ಆಲ್ಕೋಹಾಲಿನ ಮಿಶ್ರಣ. ಕಾರಿನ ಒಂದು ಪಕ್ಕ ಕುಗ್ಗಿ ಕೂತಿದ್ದು ಚಕ್ರದ ಬಳಿ ಒದ್ದೆ ಕಂಡರೆ ರೇಡಿಯೇಟರನ್ನು ಬೈಯಬೇಡಿ. ಕೂಲಂಟಿಗೆ ತನ್ನದೇ ಗುರುತುಗಳಿವೆ: ಮುಟ್ಟಿದರೆ ಜಿಡ್ಡು, ಮೂಗಿಗೆ ಸಿಹಿ ವಾಸನೆ, ಒಣಗಿದರೆ ಗುಲಾಬಿಯೋ ಹಸಿರೋ ಬಿಳಿಯೋ ಆದ ಕರೆ. ನಾಲಗೆಗೆ ಮಾತ್ರ ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿಯಾದ್ದರಿಂದ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಚೆಲ್ಲಿದ್ದನ್ನು ಆಗಲೇ ಒರೆಸಿ ತೊಳೆಯಬೇಕು.

ಎರಡನೆಯದು, ಸೋರಿಕೆಗೂ ಒಂದು ಹೊತ್ತು ಇರುತ್ತದೆ. ಕೆಲವು ಓಡುವಾಗ ಮಾತ್ರ ಸೋರುತ್ತವೆ. ಕೆಲವು ನಿಲ್ಲಿಸಿದ ಹತ್ತು ನಿಮಿಷಕ್ಕೆ, ಪಂಪು ನಿಂತು ಬಿಸಿ ಇನ್ನೂ ಏರುವ ಹೊತ್ತಿಗೆ. ಅತಿ ಕಿಲಾಡಿಗಳು ತಣ್ಣಗಿದ್ದಾಗ ಮಾತ್ರ ಸೋರುವಂಥವು. ರಬ್ಬರು, ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಮೂರೂ ಚಳಿಗೆ ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತವೆ. ರಾತ್ರಿ ಸಂದು ಬಿಡುತ್ತದೆ. ಬೆಳಗ್ಗೆ ಎಂಜಿನ್ ಕಾದೊಡನೆ ಎಲ್ಲ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಅಲ್ಲಿ ಎಲ್ಲ ಒಣ ಒಣ. "ಏನೂ ಇಲ್ಲವಲ್ಲ ಸಾರ್" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಹಲ್ಲುನೋವು ಡಾಕ್ಟರ ಮುಂದೆ ಕೂತೊಡನೆ ಮಾಯವಾದ ಹಾಗೆ.

ಇಂಥ ಸೋರಿಕೆಯ ರಾಜ ಎಂದರೆ ಎಂಜಿಎಫ್‌ನ ಇನ್‌ಲೆಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಮ್ಯಾನಿಫೋಲ್ಡ್ ಎಂದರೆ ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಗಳ ಗೊಂಚಲು. ಈ ಕಾರಿನಲ್ಲಿ ಅದು ಪ್ಲಾಸ್ಟಿಕ್ಕಿನದು, ಹೆಡ್ಡಿಗೆ ತಾಗುವ ಕಡೆ ರಬ್ಬರಿನ ಗ್ಯಾಸ್ಕೆಟ್. ಗಾಳಿಯ ಜೊತೆಗೆ ಕೂಲಂಟಿನ ದಾರಿಯೊಂದೂ ಅದೇ ಕೂಡಿಕೆಯ ಮೂಲಕ ಹಾದುಹೋಗುತ್ತದೆ. ರಬ್ಬರು ವರ್ಷಗಳ ಬಿಸಿಗೆ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಹಳೆಯ ಕುಕ್ಕರ್ ಗ್ಯಾಸ್ಕೆಟ್ಟನ್ನು ನಮ್ಮ ಅಮ್ಮಂದಿರು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನ ತಳ್ಳುತ್ತಾರಲ್ಲ, ಆ ಅವಸ್ಥೆ. ಅಲ್ಲಿಂದ ಜಿನುಗುವ ಹನಿ ಸೀದಾ ಬ್ಲಾಕಿನ ಮೇಲೆ ಬಿದ್ದು, ಎಂಜಿನ್ ಕಾದೊಡನೆ ಚುಂಯ್ ಎಂದು ಹಬೆಯಾಗಿ ಹೋಗುತ್ತದೆ. ನೆಲದ ಮೇಲೆ ಗುರುತಿಲ್ಲ, ಹೊಗೆಯಿಲ್ಲ, ಆಯಿಲ್‌ನಲ್ಲಿ ನೀರಿಲ್ಲ. ಟ್ಯಾಂಕಿನ ಮಟ್ಟ ಮಾತ್ರ ಇಳಿಯುತ್ತಿದೆ. ಮಾಲೀಕನಿಗೆ ಹೆಡ್ ಗ್ಯಾಸ್ಕೆಟ್ಟಿನ ಭೂತ ಹಿಡಿಯುತ್ತದೆ.

ಇದನ್ನು ಹಿಡಿಯುವ ಕ್ರಮ ನೋಡಿ. ಇಂಗ್ಲೆಂಡಿನ ಯಾವುದೋ ಶೆಡ್ಡು, ನವೆಂಬರಿನ ಬೆಳಗ್ಗೆ ಎಂದಿಟ್ಟುಕೊಳ್ಳಿ. ಕಾರು ರಾತ್ರಿಯಿಡೀ ನಿಂತಿದೆ, ಎಂಜಿನ್ ಕಲ್ಲಿನಷ್ಟು ತಣ್ಣಗಿದೆ. ಸ್ಟಾರ್ಟ್ ಮಾಡುವ ಹಾಗಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಆ ಬಾಯಿಗೆ ಒಂದು ಕೈಪಂಪನ್ನು ತಿರುಪುತ್ತಾರೆ. ಸೈಕಲ್ ಪಂಪಿನ ತಮ್ಮ, ತಲೆಯ ಮೇಲೊಂದು ಗಡಿಯಾರದಂಥ ಮಾಪಕ. ನಾಲ್ಕೈದು ಬಾರಿ ಒತ್ತಿದರೆ ಮುಳ್ಳು 1 ಬಾರ್‌ಗೆ ಬರುತ್ತದೆ. ಎಂಜಿನ್ ಓಡದೆಯೇ ಓಡುವಾಗಿನ ಒತ್ತಡ ಒಳಗೆ ಹುಟ್ಟಿತು. ಈಗ ಚಹಾ ಕುಡಿಯಬಹುದು. ಕಾಲು ಗಂಟೆ ಬಿಟ್ಟು ಬಂದರೆ ಮುಳ್ಳು 0.8ಕ್ಕೆ ಇಳಿದಿದೆ. ಕಾರಿನಡಿ ನೆಲಕ್ಕೆ ಹಾಸಿದ ರಟ್ಟು ಒಣಗಿಯೇ ಇದೆ. ಕಾರ್ಪೆಟ್ ಎತ್ತಿ, ತಗಡು ಬಿಚ್ಚಿ, ಟಾರ್ಚು ಹಿಡಿದು, ಹಲ್ಲಿನ ಡಾಕ್ಟರ ಕನ್ನಡಿಯಂಥದ್ದೊಂದನ್ನು ಮ್ಯಾನಿಫೋಲ್ಡಿನ ಅಡಿಗೆ ತೂರಿಸುತ್ತಾರೆ. ಮೊದಲು ಕಾಣುವುದು ಬ್ಲಾಕಿನ ಮೇಲೆ ಇಳಿದಿರುವ ತಿಳಿಗೆಂಪು ಕರೆ, ಗೋಡೆಯ ಮೇಲೆ ಎಲೆಯಡಿಕೆ ಉಗಿದ ಹಾಗೆ. ಆ ಕರೆಯ ನೆತ್ತಿಯಲ್ಲಿ, ಪ್ಲಾಸ್ಟಿಕ್ಕೂ ಲೋಹವೂ ಸೇರುವ ಗೆರೆಯಲ್ಲಿ, ಒಂದು ಹನಿ. ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗುತ್ತದೆ, ಒಂದು ಕ್ಷಣ ತೂಗುತ್ತದೆ, ಹಳೆಯ ಕರೆಯ ಮೇಲೆಯೇ ಜಾರುತ್ತದೆ. ಎಂಜಿನ್ ಕಾದಿದ್ದರೆ ಈ ಹನಿಯನ್ನು ಯಾರೂ ನೋಡುತ್ತಿರಲಿಲ್ಲ.

ಕೆಲವೇ ಪೌಂಡಿನ ರಬ್ಬರು ಅದು. ಅದಕ್ಕೆ ಹೆದರಿ ಎಷ್ಟು ಜನ ಹೆಡ್ ಬಿಚ್ಚಿಸಿದ್ದಾರೋ.

ಪಂಪಿಗೂ ಬಗ್ಗದ ಸೋರಿಕೆಗೆ ಬಣ್ಣದ ಉಪಾಯವಿದೆ. ಕೂಲಂಟಿಗೆ ಒಂದು ಬಗೆಯ ಬಣ್ಣ ಬೆರೆಸಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ಅತಿನೇರಳೆ ಟಾರ್ಚು ಹಾಕಿದರೆ ಸೋರಿದ ಜಾಡು ಮಿಂಚುಹುಳುವಿನಂತೆ ಹೊಳೆಯುತ್ತದೆ. ನೀರು ಆವಿಯಾದರೂ ಬಣ್ಣ ಉಳಿದಿರುತ್ತದೆ, ಅದೇ ಅದರ ಜಾಣತನ. ಹಾಗೆ ಹುಡುಕುವಾಗ ಮರೆಯಬಾರದ ಒಂದೆರಡು ಮೂಲೆಗಳಿವೆ. ಈ ಎಂಜಿನ್ನಿನ ನೀರಿನ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಪಂಪು ಜಿನುಗಿದರೆ ಅದು ಬೆಲ್ಟಿನ ಮುಚ್ಚಳದೊಳಗೇ ಜಿನುಗುತ್ತದೆ. ಬೆಲ್ಟು ಹಾಳಾಗಿ ಕಡಿದರೆ ಸೋರಿಕೆಯ ಮಾತು ಮುಗಿದು ವಾಲ್ವಿನ ಮಾತು ಶುರುವಾಗುತ್ತದೆ. ಆದ್ದರಿಂದ ಬೆಲ್ಟು ಬದಲಿಸುವಾಗ ಪಂಪನ್ನೂ ಬದಲಿಸಿಬಿಡುವುದು ಮೇಲು. ಗಾಜಿಗೆ ಒಳಗಿನಿಂದ ಜಿಡ್ಡು ಮಂಜು ಕಟ್ಟಿ, ಕಾಲಿನ ಕೆಳಗಿನ ಕಾರ್ಪೆಟ್ ಒದ್ದೆಯಿದ್ದರೆ ಹೀಟರಿನ ಒಳಗಿನ ಜಾಲರಿ ಹೋಗಿದೆ. ಟ್ಯಾಂಕಿನ ಮುಚ್ಚಳವನ್ನಂತೂ ಯಾರೂ ಅನುಮಾನಿಸುವುದೇ ಇಲ್ಲ. ಅದರ ಸ್ಪ್ರಿಂಗು ಸೋತರೆ ಒತ್ತಡ ನಿಲ್ಲದೆ ನೀರು ಹಬೆಯಾಗಿ ಹೋಗುತ್ತಿರುತ್ತದೆ, ಎಲ್ಲೂ ತೂತಿಲ್ಲ! ಎಲ್ಲಕ್ಕಿಂತ ಅಗ್ಗದ ಭಾಗ ಅದು, ಮೊದಲು ಅದನ್ನೇ ಬದಲಿಸಿ.

ನೀರು ಹೊರಗೆಲ್ಲೂ ಸಿಗದೆ ಹೋದಾಗಲಷ್ಟೇ ಹೆಡ್ ಗ್ಯಾಸ್ಕೆಟ್ಟಿನ ಕಡೆ ತಿರುಗಬೇಕು. ಅದಕ್ಕೂ ಪರೀಕ್ಷೆಯಿದೆ. ಟ್ಯಾಂಕಿನ ಬಾಯಿಯಿಂದ ಗಾಳಿಯನ್ನು ಒಂದು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಸುಟ್ಟ ಗಾಳಿ ಕೂಲಂಟಿಗೆ ನುಗ್ಗಿದ್ದರೆ ನೀಲಿ ಹಳದಿಯಾಗುತ್ತದೆ. ಆಯಿಲ್ ಮುಚ್ಚಳದಡಿ ಬೆಣ್ಣೆಯಂಥ ಬಿಳಿ ಕೆನೆ ಕಂಡೊಡನೆ ಎದೆ ಒಡೆದುಕೊಳ್ಳಬೇಡಿ. ಚಳಿದೇಶದಲ್ಲಿ ಅಂಗಡಿಗೂ ಮನೆಗೂ ಅಷ್ಟೇ ಓಡುವ ಕಾರಿನಲ್ಲಿ ಬರೀ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅದು ಬೇರೆ ವಿಷಯ.

ರಿಪೇರಿಯ ನಂತರ ಇನ್ನೊಂದು ಗುಂಡಿ ಕಾದಿರುತ್ತದೆ. ಅಷ್ಟುದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಬಿಡುವುದಿಲ್ಲ. ಗಾಳಿ ಬಿಡಲು ಈ ಕಾರಿನಲ್ಲಿ ಮೂರು ಕಡೆ ಸ್ಕ್ರೂ ಇಟ್ಟಿದ್ದಾರೆ: ರೇಡಿಯೇಟರಿನ ನೆತ್ತಿಯಲ್ಲಿ, ಹೀಟರಿನ ಪೈಪಿನಲ್ಲಿ, ಎಂಜಿನ್ನಿನ ಬಳಿಯ ಪೈಪಿನಲ್ಲಿ. ತಾಳ್ಮೆಯಿಂದ ಒಂದೊಂದನ್ನೇ ಬಿಡಿಸಿ, ಗುಳ್ಳೆ ನಿಂತು ನೀರು ಸತತವಾಗಿ ಬರುವವರೆಗೆ ಕಾಯಬೇಕು. ಅವಸರ ಮಾಡಿದರೆ ಒಳಗುಳಿದ ಗಾಳಿ ಮಾರನೆಯ ದಿನ ಮೇಲೆದ್ದು ಮಟ್ಟ ಇಳಿಯುತ್ತದೆ, "ಅಯ್ಯೋ ಮತ್ತೆ ಸೋರಿತು" ಎಂದು ಬಿಚ್ಚಿದ್ದನ್ನೇ ಮತ್ತೆ ಬಿಚ್ಚುತ್ತಾರೆ.

ಅರಿಶಿನದ ಮಾತು ಹೇಳದಿದ್ದರೆ ನಮ್ಮವರಿಗೆ ಸಮಾಧಾನವಾಗದು. ಘಾಟಿಯಲ್ಲಿ ಜೀಪು ಕುದಿದು ನಿಂತಾಗ ಡ್ರೈವರು ಹಳ್ಳದಿಂದ ನೀರು ತಂದು, ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸಿದ್ದನ್ನು ಚಿಕ್ಕಂದಿನಲ್ಲಿ ಬಾಯಿಬಿಟ್ಟುಕೊಂಡು ನೋಡಿದ್ದೇನೆ. ನಿಲ್ಲುತ್ತಿತ್ತು. ಪುಡಿ ನೆನೆದು ಉಬ್ಬಿ ತೂತಿಗೆ ಹೋಗಿ ಕೂರುತ್ತಿತ್ತು. ಬ್ರಿಟನ್ನಿನ ಅಂಗಡಿಗಳಲ್ಲಿ ಬಾಟ್ಲಿಯಲ್ಲಿ ಸಿಗುವ 'ಸೋರಿಕೆ ನಿಲ್ಲಿಸುವ' ದ್ರವಗಳೂ ಅದೇ ಅರಿಶಿನದ ಪರದೇಶಿ ನೆಂಟರು. ತೂತು ಯಾವುದು, ಬೇಕಾದ ಸಣ್ಣ ನಾಳ ಯಾವುದು ಎಂದು ಅವಕ್ಕೆ ಗೊತ್ತಾಗುವುದಿಲ್ಲ. ದಪ್ಪ ನಾಳಗಳ ಹಳೆಯ ಜೀಪಿಗೆ ನಡೆದದ್ದು ಹೀಟರಿನ ಕೂದಲೆಳೆ ನಾಳಗಳಿಗೆ ನಡೆಯದು. ಕಾಡಿನ ನಡುವೆ ಸಿಕ್ಕಿಬಿದ್ದರೆ ಮನೆ ಸೇರಲು ಹಾಕಿ, ನಾನೂ ಹಾಕುತ್ತೇನೆ. ಮನೆಯಲ್ಲಿ ಆರಾಮಾಗಿ ನಿಂತ ಎಂಜಿಎಫ್‌ಗೆ ಹಾಕುವುದು ಶುದ್ಧ ಸೋಮಾರಿತನ.

ಈಗ ಬ್ರಿಟನ್ನಿನಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ಕಾರು ನೋಡಲು ಹೋಗುವ ಮೊದಲು ಫೋನಿನಲ್ಲೇ ಹೇಳಿ: ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಹೋದೊಡನೆ ಡಿಕ್ಕಿ ತೆಗೆಸಿ ಟ್ಯಾಂಕಿನ ಮೈ ಮುಟ್ಟಿ. ತಣ್ಣಗಿದ್ದರೆ ಮುಚ್ಚಳ ತೆಗೆದು ಮಟ್ಟ ನೋಡಿ, ಬಣ್ಣ ನೋಡಿ, ಕಾರಿನಡಿ ಮಲಗಿ ಪೈಪಿನ ಪಟ್ಟಿಗಳಿಗೆ ಟಾರ್ಚು ಹಾಕಿ. ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ. ಬಿಸಿಯಿರುವಾಗ ಮುಚ್ಚಳಕ್ಕೆ ಮಾತ್ರ ಕೈಹಾಕಬೇಡಿ, ಮುಖ ಬೆಂದೀತು. ಮಾಲೀಕ ನಗುತ್ತಾ "ಸ್ವಲ್ಪ ನೀರು ಕುಡಿಯುತ್ತೆ" ಎಂದರೆ ಚೌಕಾಸಿಗೆ ಇಳಿಯದೆ ವಾಪಸ್ ಬಸ್ಸು ಹಿಡಿಯಿರಿ.